ಸಕ್ಕರೆ ಆರತಿಯ ಹರಳು, ಕೇಕಿನ ಲೇಸು

ದೀಪಾವಳಿ ಮುಗಿದು ಗೌರಿ ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಪೇಟೆಗಳಲ್ಲಿ, ಪಾಕವನ್ನು ಕಟ್ಟಿಗೆ ಅಚ್ಚಿಗೆ ಹೊಯ್ದು ಮಾಡಿದ ಸಕ್ಕರೆ ಆರತಿಗಳು ಬಂದು ಕೂರುತ್ತವೆ. ತೇರು, ಆನೆ, ಕುದುರೆ, ಒಂಟೆ, ನವಿಲು, ಗಿಳಿ, ಬಸವಣ್ಣ, ಗೋಪುರ, ಹೀಗೆ ಬಗೆಬಗೆಯ ಆಕಾರಗಳು. ಬಿಳಿ, ಗುಲಾಬಿ, ಹಳದಿ ಬಣ್ಣಗಳು. ಕಾರ್ತಿಕ ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಇವನ್ನಿಟ್ಟು, ದೀಪ ಹಚ್ಚಿ, ಹಾಡು ಹೇಳುತ್ತ ಗೌರಿಗೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿಯನ್ನೂ ತರುವುದು ಉತ್ತರ ಕರ್ನಾಟಕದ ಪದ್ಧತಿ. ಈಚಿನ ವರ್ಷಗಳಲ್ಲಿ ಸಣ್ಣ ಊರುಗಳಿಗೂ ಇನ್ನೊಂದು ಬಗೆಯ ಸಕ್ಕರೆ ಕುಸುರಿ ಬಂದಿದೆ: ಹುಟ್ಟುಹಬ್ಬದ ಕೇಕಿನ ಮೇಲೆ ಹೊದಿಸುವ ಫಾಂಡಂಟ್, ಅದರ ಅಂಚಿಗೆ ಸಿಲಿಕೋನ್ ಅಚ್ಚಿನಲ್ಲಿ ತೆಗೆದು ಅಂಟಿಸುವ ಲೇಸು. ಕಟ್ಟಿಗೆ ಅಚ್ಚು ಹಳೆಯದು, ಸಿಲಿಕೋನ್ ಅಚ್ಚು ಹೊಸದು, ಆದ್ದರಿಂದ ಎರಡನೆಯದು ಮೊದಲನೆಯದರ ಸುಧಾರಿತ ರೂಪ ಎಂದು ಯಾರಿಗಾದರೂ ಅನ್ನಿಸಬಹುದು. ಈ ಅಧ್ಯಾಯದ ವಾದ ಬೇರೆ. ಸಕ್ಕರೆಗೆ ಹರಳುಗಟ್ಟುವ ಸ್ವಭಾವವಿದೆ. ಸಕ್ಕರೆ ಆರತಿ ಆ ಸ್ವಭಾವವನ್ನು ದುಡಿಸಿಕೊಳ್ಳುತ್ತದೆ. ಕೇಕಿನ ಲೇಸು ಅದನ್ನು ತಡೆಹಿಡಿಯುತ್ತದೆ. ಒಂದೇ ಪ್ರಶ್ನೆಗೆ ಇವು ಎದುರುಬದುರಾದ ಎರಡು ಉತ್ತರಗಳು. ಅಚ್ಚು ಯಾವುದಿರಬೇಕು ಎಂಬುದು ಈ ಆಯ್ಕೆಯಾದ ಮೇಲೆ ನಿರ್ಧಾರವಾಗುವ ವಿಷಯ.

ಮೊದಲು ಸಕ್ಕರೆಯ ಗುಣವನ್ನು ನೋಡೋಣ. ನಾವು ಸಕ್ಕರೆ ಎನ್ನುವುದು ಸುಕ್ರೋಸ್ ಎಂಬ ವಸ್ತು. ಗ್ಲೂಕೋಸಿನ ಒಂದು ಅಣು, ಫ್ರಕ್ಟೋಸಿನ ಒಂದು ಅಣು ಕೈಹಿಡಿದರೆ ಸುಕ್ರೋಸಿನ ಒಂದು ಅಣು. ನೀರಿನಲ್ಲಿ ಇದು ಕರಗುವ ಪ್ರಮಾಣ ಅಚ್ಚರಿ ಹುಟ್ಟಿಸುವಂಥದು: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ, ಕುದಿಯುವ ಹೊತ್ತಿಗೆ ಅದೇ ನೀರಿನಲ್ಲಿ 480 ಗ್ರಾಮಿಗಿಂತ ಹೆಚ್ಚು ಕರಗುತ್ತದೆ. ಬಿಸಿಯಲ್ಲಿ ಇಷ್ಟೊಂದು ಸಕ್ಕರೆ ಹೊತ್ತ ಪಾಕವನ್ನು ಆರಲು ಬಿಟ್ಟರೆ, ನೀರು ಹೊರಲಾರದ ಹೆಚ್ಚುವರಿ ಸಕ್ಕರೆ ಹೊರಗೆ ಬರಲೇಬೇಕು. ಆದರೆ ಅದು ತಕ್ಷಣ ಬರುವುದಿಲ್ಲ. ಅಣುಗಳು ಸಾಲುಗಟ್ಟಿ ನಿಲ್ಲಲು ಒಂದು ಆರಂಭದ ನೆಲೆ ಬೇಕು. ಒಂದು ಕಣ ಧೂಳು, ಪಾತ್ರೆಯ ಗೋಡೆಗಂಟಿದ ಹಳೆಯ ಹರಳು, ಸೌಟಿನ ಅಲುಗಾಟ, ಯಾವುದಾದರೂ ಆದೀತು. ಆ ನೆಲೆ ಸಿಗುವ ತನಕ ಪಾಕ ಅತಿಪರ್ಯಾಪ್ತ ಸ್ಥಿತಿಯಲ್ಲಿ, ಎಂದರೆ ತನ್ನ ಶಕ್ತಿ ಮೀರಿ ಸಕ್ಕರೆಯನ್ನು ಹೊತ್ತ ಸ್ಥಿತಿಯಲ್ಲಿ, ಉಳಿಯುತ್ತದೆ. ಸಕ್ಕರೆಯಿಂದ ಆಕಾರ ಮಾಡುವವರ ಜಾಣ್ಮೆಯೆಲ್ಲ ಈ ನಡುಗಾಲವನ್ನು ಆಳುವುದರಲ್ಲಿದೆ. ಹರಳು ಯಾವಾಗ ಹುಟ್ಟಬೇಕು, ಎಷ್ಟು ಹುಟ್ಟಬೇಕು, ಎಷ್ಟು ದೊಡ್ಡದಾಗಬೇಕು, ಅಥವಾ ಹುಟ್ಟಲೇಬಾರದೇ? ಮುಂದಿನ ಪ್ರತಿಯೊಂದು ಹಂತವೂ ಈ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ.

ಸಕ್ಕರೆ ಆರತಿಯ ಕೆಲಸ ಪಾಕವನ್ನು ಶುದ್ಧ ಮಾಡುವುದರಿಂದ ಶುರುವಾಗುತ್ತದೆ. ಕುದಿಯುವ ಪಾಕಕ್ಕೆ ಸ್ವಲ್ಪ ಹಾಲು ಹಾಕುತ್ತಾರೆ. ಮೇಲೆ ಬರುವ ಕೊಳೆಯ ನೊರೆ ತೆಗೆದು, ಬಟ್ಟೆಯಲ್ಲಿ ಸೋಸುತ್ತಾರೆ. ಹಾಲಿನ ಪ್ರೋಟೀನು ಬಿಸಿಗೆ ಗರಣೆಗಟ್ಟುವಾಗ ಪಾಕದಲ್ಲಿ ತೇಲಾಡುವ ಸೂಕ್ಷ್ಮ ಕಣಗಳನ್ನು ಹಿಡಿದುಕೊಂಡು ಮೇಲೇಳುತ್ತದೆ. ಇದರಿಂದ ಬಣ್ಣ ಬೆಳ್ಳಗಾಗುವುದು ಕಣ್ಣಿಗೆ ಕಾಣುವ ಲಾಭ. ಕಾಣದ ಲಾಭ ಇನ್ನೂ ದೊಡ್ಡದು: ಬೇಡದ ಹೊತ್ತಿನಲ್ಲಿ ಹರಳಿಗೆ ನೆಲೆಯಾಗಬಹುದಾದ ಕಣಗಳು ಪಾಕದಿಂದ ಹೊರಹೋಗುತ್ತವೆ. ಆಮೇಲೆ ಪಾಕ ಎಳೆ ಬರುವ ತನಕ ಕಾಯಿಸುತ್ತಾರೆ. ಎರಡು ಬೆರಳ ನಡುವೆ ಎಳೆ ಎಳೆದು ನೋಡುವ ಈ ಪರೀಕ್ಷೆಯನ್ನು ಥರ್ಮಾಮೀಟರ್ ಇಲ್ಲದವರ ಅಂದಾಜು ಎಂದುಕೊಳ್ಳುವುದು ತಪ್ಪು. ಪಾಶ್ಚಾತ್ಯ ಮಿಠಾಯಿ ಪುಸ್ತಕಗಳು ಪಾಕದ ಹದವನ್ನು ಉಷ್ಣತೆಯಲ್ಲಿ ಹೇಳುತ್ತವೆ. ಪಾಕ ಕಾಯಿಸಿ ತಿರುವಿ ಮಾಡುವ ಮಿಠಾಯಿ ಫಾಂಡಂಟಿಗೆ (ಕೇಕಿಗೆ ಹೊದಿಸುವ ಫಾಂಡಂಟ್ ಬೇರೆ) 114ರಿಂದ 116 ಡಿಗ್ರಿ ಎನ್ನುತ್ತವೆ. ಆ ಅಂಕಿಗಳು ಸಮುದ್ರಮಟ್ಟದವು. ರೋಣ, ನರಗುಂದದ ಎರೆ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಆಸುಪಾಸಿನಲ್ಲಿದೆ; ಅಲ್ಲಿ ಬರೀ ನೀರೇ ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಪಾಕದ ಕುದಿಬಿಂದುವೂ ಅಷ್ಟೇ ಕೆಳಗಿಳಿಯುವುದರಿಂದ, ಪುಸ್ತಕದ ಅಂಕಿ ನಂಬಿದವರ ಪಾಕ ಬೇಕಾದ್ದಕ್ಕಿಂತ ಗಟ್ಟಿಯಾಗುತ್ತದೆ. ಎಳೆಯ ಪರೀಕ್ಷೆಗೆ ಈ ತೊಂದರೆ ಇಲ್ಲ. ಅದು ಪಾಕದ ಸ್ನಿಗ್ಧತೆಯನ್ನು, ಅದರ ಮೂಲಕ ಸಕ್ಕರೆಯ ಸಾಂದ್ರತೆಯನ್ನು, ನೇರವಾಗಿ ಅಳೆಯುತ್ತದೆ. ಕಡಲ ದಂಡೆಯ ಉಡುಪಿಯಲ್ಲೂ ಗುಡ್ಡದ ಮೇಲಿನ ಮಡಿಕೇರಿಯಲ್ಲೂ ಒಂದೆಳೆ ಪಾಕ ಒಂದೆಳೆ ಪಾಕವೇ.

ಪಾಕಕ್ಕೆ ಹಿಂಡುವ ನಿಂಬೆಹುಳಿಯ ಕತೆ ಇನ್ನೂ ಸೂಕ್ಷ್ಮ. ಹುಳಿ ಮತ್ತು ಬಿಸಿ ಸೇರಿದರೆ ಸುಕ್ರೋಸಿನ ಅಣು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಬೇರೆಯಾಗುತ್ತವೆ. ಹೀಗೆ ಬೇರೆಯಾದ ಅಣುಗಳು ಸುಕ್ರೋಸಿನ ಸಾಲಿನಲ್ಲಿ ಸರಿಯಾಗಿ ಕೂರಲಾರವು. ನಡುವೆ ನುಸುಳಿ ಹರಳಿನ ಬೆಳವಣಿಗೆಗೆ ಅಡ್ಡಿಯಾಗುತ್ತವೆ. ಹನಿಯಷ್ಟು ನಿಂಬೆರಸವಿದ್ದರೆ ಪಾಕ ಪಾತ್ರೆಯಲ್ಲೇ ಗಡ್ಡೆಕಟ್ಟದೆ, ಅಚ್ಚಿಗೆ ಹೊಯ್ಯಲು ಬೇಕಾದಷ್ಟು ಪುರಸೊತ್ತು ಸಿಗುತ್ತದೆ. ಹೆಚ್ಚಾದರೆ ಆರತಿ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಬೆಲ್ಲದಿಂದ ಇಂಥ ಗರಿಗಟ್ಟಿ ಗೊಂಬೆ ಮಾಡಲಾಗದಿರುವುದಕ್ಕೂ ಕಾರಣ ಇಲ್ಲೇ ಇದೆ. ಕಬ್ಬಿನ ಹಾಲಿನಿಂದ ಬಂದ ಗ್ಲೂಕೋಸ್, ಫ್ರಕ್ಟೋಸ್, ಖನಿಜಾಂಶಗಳು ಬೆಲ್ಲದಲ್ಲಿ ಹಾಗೆಯೇ ಉಳಿದಿರುತ್ತವೆ. ಅವೇ ಹರಳನ್ನು ತಡೆಯುತ್ತವೆ, ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವಂತೆಯೂ ಮಾಡುತ್ತವೆ. ಈ ಎರಡು ಲಕ್ಷಣಗಳನ್ನು ನೆನಪಿಟ್ಟುಕೊಳ್ಳಬೇಕು. ಆರತಿಗೆ ದೋಷವಾದ ಇದೇ ಗುಣ ಕೇಕಿನ ಲೇಸಿನಲ್ಲಿ ಬಂಡವಾಳವಾಗುತ್ತದೆ.

ಹದಕ್ಕೆ ಬಂದ ಪಾಕವನ್ನು ಸ್ವಲ್ಪ ಸ್ವಲ್ಪವೇ ಬೇರೆ ಪಾತ್ರೆಗೆ ತೆಗೆದುಕೊಂಡು ಸೌಟಿನಿಂದ ತಿಕ್ಕುತ್ತ ತಿರುವುತ್ತಾರೆ. ಕನ್ನಡಿಯಂತಿದ್ದ ಪಾಕ ನೋಡನೋಡುತ್ತ ಮಂಜಾಗಿ, ಬೆಳ್ಳಗಾಗುತ್ತದೆ. ಇದು ಸಾವಿರಾರು ಹರಳುಗಳು ಏಕಕಾಲಕ್ಕೆ ಹುಟ್ಟಿದ ಗುರುತು. ಒಂದೊಂದು ಹರಳಿಗೂ ಬಣ್ಣವಿಲ್ಲ. ಅಸಂಖ್ಯ ಹರಳುಗಳ ಮೈಮೇಲೆ ಬೆಳಕು ಚದುರುವುದರಿಂದ ಒಟ್ಟು ಬಿಳಿಯಾಗಿ ಕಾಣುತ್ತದೆ. ಸ್ವಲ್ಪ ತಡವಾದರೂ ಪಾಕ ಪಾತ್ರೆಯಲ್ಲೇ ಕಲ್ಲಾಗುತ್ತದೆ, ಆದ್ದರಿಂದ ಈ ಕ್ಷಣದಲ್ಲೇ ಅಚ್ಚಿಗೆ ಹೊಯ್ಯಬೇಕು. ಅಚ್ಚು ಮೊದಲೇ ನೀರಿನಲ್ಲಿ ನೆನೆದಿರುತ್ತದೆ. ಒಣ ಕಟ್ಟಿಗೆಯಾದರೆ ಅದರ ರಂಧ್ರಗಳೊಳಗೆ ಪಾಕ ಇಳಿದು, ಅಲ್ಲೇ ಹರಳುಗಟ್ಟಿ, ಬೊಂಬೆಯನ್ನು ಅಚ್ಚಿಗೆ ಬೆಸೆದುಬಿಡುತ್ತದೆ. ನೆನೆದ ಕಟ್ಟಿಗೆಯ ರಂಧ್ರಗಳಲ್ಲಿ ಆಗಲೇ ನೀರು ತುಂಬಿರುತ್ತದೆ. ದಪ್ಪ ಪಾಕಕ್ಕೆ ಒಳಗೆ ದಾರಿಯಿಲ್ಲ. ಮೇಲ್ಮೈಯ ತೆಳು ನೀರಿನ ಪದರ ಬೊಂಬೆಯ ಹೊರಮೈಯನ್ನು ಕೂದಲೆಳೆಯಷ್ಟು ಕರಗಿಸಿ, ಅದನ್ನು ಅಚ್ಚಿನಿಂದ ಸುಲಭವಾಗಿ ಬಿಡಿಸುತ್ತದೆ. ನೀರು ಕುಡಿದ ಕಟ್ಟಿಗೆ ಉಬ್ಬುವುದರಿಂದ ಅಚ್ಚಿನ ಎರಡು ಹೋಳುಗಳ ನಡುವಿನ ಸಂದು ಮುಚ್ಚಿ, ಪಾಕ ಸೋರುವುದೂ ತಪ್ಪುತ್ತದೆ. ಎಣ್ಣೆಯಿಲ್ಲ, ಹಿಟ್ಟಿಲ್ಲ, ಬರೀ ನೀರಿನಿಂದ ಮೂರು ಕೆಲಸ. ಬಿಸಿಯಲ್ಲೇ ತಿರುವಿದ್ದರಿಂದ ಹರಳುಗಳು ಕೊಂಚ ದೊಡ್ಡದಾಗಿಯೇ ಬೆಳೆದು, ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಆರತಿಯನ್ನು ಕಡಿದಾಗ ಹಲ್ಲಿಗೆ ಸಿಗುವ ಆ ಗಡಸು ಈ ಹೆಣಿಗೆಯದು.

ಈಗ ಕೇಕಿನ ಕಡೆಗೆ ಬರೋಣ. ಕೇಕಿನ ಮೇಲೆ ಹೊದಿಸುವ ಫಾಂಡಂಟಿನಲ್ಲಿ ಪಾಕ ಕಾಯಿಸಿ ಹರಳು ಬೆಳೆಸುವ ಕೆಲಸವಿಲ್ಲ. ಹಿಟ್ಟಿನಂತೆ ಪುಡಿ ಮಾಡಿದ ಸಕ್ಕರೆಯನ್ನು ಗ್ಲೂಕೋಸ್ ಪಾಕ, ಗ್ಲಿಸರಿನ್, ಸ್ವಲ್ಪ ಕೊಬ್ಬು, ಜಿಲಾಟಿನ್ ಅಥವಾ ಯಾವುದಾದರೂ ಗೋಂದು ಸೇರಿಸಿ ಕಣಕದ ಹದಕ್ಕೆ ನಾದುತ್ತಾರೆ. ಪುಡಿಯ ಒಂದೊಂದು ಕಣವನ್ನೂ ತೆಳ್ಳನೆಯ ಅಂಟುಪಾಕ ಸುತ್ತುವರಿದಿರುತ್ತದೆ. ಕಣಗಳು ಒಂದಕ್ಕೊಂದು ಬೆಸೆದುಕೊಳ್ಳದಂತೆ ಗ್ಲೂಕೋಸ್ ತಡೆಯುತ್ತದೆ, ನೀರು ಆರಿಹೋಗದಂತೆ ಗ್ಲಿಸರಿನ್ ಹಿಡಿಯುತ್ತದೆ, ಇಡೀ ಮುದ್ದೆ ಹರಿಯದಂತೆ ಗೋಂದಿನ ಉದ್ದನೆಯ ಅಣುಗಳು ಬಲೆ ಹೆಣೆಯುತ್ತವೆ. ಲೇಸನ್ನು ಎರಡು ರೀತಿ ತೆಗೆಯುತ್ತಾರೆ. ಫಾಂಡಂಟನ್ನೇ ಮೆಕ್ಕೆಜೋಳದ ಪಿಷ್ಟ ಉದುರಿಸಿದ ಅಚ್ಚಿನೊಳಗೆ ಒತ್ತಿ, ಮೇಲಿನ ಹೆಚ್ಚುವರಿ ಕೆರೆದು, ಕೆಲ ನಿಮಿಷ ಫ್ರೀಜರಿನಲ್ಲಿಟ್ಟು ಬಿಡಿಸುವುದು ಒಂದು. ಮಾರ್ಪಡಿಸಿದ ಸೆಲ್ಯುಲೋಸಿನ ಗೋಂದು ಬೆರೆಸಿದ ಸಕ್ಕರೆ ಹಿಟ್ಟನ್ನು ಸಿಲಿಕೋನ್ ಹಾಸಿನ ಗೆರೆಗಳೊಳಗೆ ತೆಳುವಾಗಿ ಬಳಿದು, ಮಂದ ಬಿಸಿಯ ಓವನಿನಲ್ಲಿ ಅಥವಾ ಗಾಳಿಯಲ್ಲಿ ಆರಿಸಿ, ಬಟ್ಟೆಯ ಹಾಗೆ ಸುಲಿದೆತ್ತುವುದು ಇನ್ನೊಂದು. ಎರಡನೆಯ ಬಗೆಯ ಲೇಸು ಕೇಕಿನ ದುಂಡು ಬದಿಗೆ ಬಾಗಿ ಅಂಟಿಕೊಳ್ಳಬೇಕು. ಒಂದು ಮಿಲಿಮೀಟರಿಗೂ ತೆಳ್ಳಗಿನ ಹೂಬಳ್ಳಿಯಲ್ಲಿ ಹರಳುಗಳು ಹೆಣೆದುಕೊಂಡರೆ ಬಾಗಿಸಿದ ಕೂಡಲೆ ಅದು ಚೂರಾಗುತ್ತದೆ. ಹೀಗಾಗಿ ಆರತಿಯಲ್ಲಿ ಬಲ ಕೊಡುವ ಹರಳಿನ ಹೆಣಿಗೆ ಇಲ್ಲಿ ಶತ್ರು. ಬಲ ಕೊಡುವ ಹೊಣೆ ಗೋಂದಿನ ಬಲೆಗೆ ಹೋಗುತ್ತದೆ.

ಅಚ್ಚಿನ ಆಯ್ಕೆ ಈ ವ್ಯತ್ಯಾಸದಿಂದಲೇ ಹೊರಡುತ್ತದೆ. ಸಿಲಿಕೋನ್ ಎಂಬುದು ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದು ಬಿಟ್ಟೊಂದು ಜೋಡಿಸಿಕೊಂಡ ಉದ್ದನೆಯ ಸರಪಳಿಯ ರಬ್ಬರು. ಅದರ ಮೈಗೆ ನೀರು ಹತ್ತುವುದಿಲ್ಲ. ಆದ್ದರಿಂದ ಅಂಟಾದ ಹಿಟ್ಟೂ ಗಟ್ಟಿಯಾಗಿ ಹಿಡಿಯುವುದಿಲ್ಲ. 200 ಡಿಗ್ರಿಯ ಬಿಸಿಯನ್ನೂ ಅದು ತಾಳುತ್ತದೆ. ನಕಲು ತೆಗೆಯುವ ಅದರ ನಿಷ್ಠೆ ಎಷ್ಟೆಂದರೆ, ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಜಾರ್ಜ್ ವೈಟ್‌ಸೈಡ್ಸ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದೇ ಜಾತಿಯ ವಸ್ತುವಿನ ಅಚ್ಚುಗಳಿಂದ ಮೈಕ್ರೋಮೀಟರಿಗಿಂತ ಸಣ್ಣ ಗೆರೆಗಳನ್ನು ಒತ್ತುವ ತಂತ್ರ ಬೆಳೆಸಿದರು. ಲೇಸಿನ ನೂಲಿನ ತಿರುಪು ಕೂಡ ಕೇಕಿನ ಮೇಲೆ ಮೂಡುವುದು ಈ ಗುಣದಿಂದ. ಇದಕ್ಕಿಂತ ಮುಖ್ಯವಾದುದು ಅದರ ಬಾಗುವ ಗುಣ. ಗಟ್ಟಿ ಅಚ್ಚಿನಲ್ಲಿ ಒಳಸರಿದ ಕೊರೆತವಿದ್ದರೆ ಬೊಂಬೆ ಹೊರಬಾರದು. ಅದಕ್ಕೆಂದೇ ಕಟ್ಟಿಗೆ ಅಚ್ಚನ್ನು ಎರಡು ಹೋಳು ಮಾಡಿ, ದಾರದಲ್ಲಿ ಬಿಗಿದು, ಪಾಕ ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಇಲ್ಲಿ ಅಚ್ಚು ಗಟ್ಟಿ, ಬೊಂಬೆಯೂ ಗಟ್ಟಿ. ಲೇಸು ಬಿಡಿಸುವಾಗ ಅಚ್ಚೂ ಬಾಗುತ್ತದೆ, ಲೇಸೂ ಬಾಗುತ್ತದೆ. ಹರಳಿನ ವಸ್ತುವಿಗೆ ಬಿಚ್ಚುವ ಅಚ್ಚು, ಬಲೆಯ ವಸ್ತುವಿಗೆ ಬಾಗುವ ಅಚ್ಚು ಎಂಬುದೇ ಇಲ್ಲಿನ ನಿಯಮ.

ಈ ವಾದಕ್ಕೆ ಇನ್ನೊಂದು ಸಾಕ್ಷಿ ಗಾಳಿಯ ತೇವದಲ್ಲಿದೆ. ಒಣಗಿದ ಸುಕ್ರೋಸ್ ಹರಳು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 85 ಪ್ರತಿಶತ ದಾಟುವ ತನಕ ನೀರು ಕುಡಿದು ಕರಗುವುದಿಲ್ಲ. ಫ್ರಕ್ಟೋಸ್ ಹರಳು ಸುಮಾರು 62 ಪ್ರತಿಶತಕ್ಕೇ ಕರಗತೊಡಗುತ್ತದೆ. ಗ್ಲಿಸರಿನ್ನಂತೂ ಇದಕ್ಕಿಂತ ಕಡಿಮೆ ಆರ್ದ್ರತೆಯಲ್ಲೂ ಗಾಳಿಯಿಂದ ನೀರೆಳೆದುಕೊಳ್ಳುತ್ತದೆ. ಮಳೆಗಾಲ ಹಿಂದೆ ಸರಿದು, ಎರೆ ಸೀಮೆಯ ಗಾಳಿ ಒಣಗುತ್ತ ಬರುವ ಕಾರ್ತಿಕದಲ್ಲಿ ಶುದ್ಧ ಸುಕ್ರೋಸಿನ ಬೊಂಬೆ ವಾರಗಟ್ಟಲೆ ನಿಲ್ಲುವುದು ಇದರಿಂದ. ಅದೇ ಗಾಳಿಯಲ್ಲಿ ತೆಳು ಲೇಸು ಬೇಗ ಒಣಗಿ ಅಂಚು ಮುರಿಯುತ್ತದೆ. ಮಂಗಳೂರಿನ ಆಷಾಢದಲ್ಲಿ ಅದೇ ಲೇಸು ಬೆವೆತು ಜೋತುಬೀಳುತ್ತದೆ. ಫಾಂಡಂಟ್ ಹೊದಿಸಿದ ಕೇಕನ್ನು ಫ್ರಿಜ್ಜಿನಿಂದ ತೆಗೆದಾಗ ಅದರ ತಣ್ಣನೆಯ ಮೈಮೇಲೆ ಗಾಳಿಯ ತೇವ ಹನಿಗಟ್ಟಿ, ಮೇಲ್ಮೈ ಅಂಟಾಗುವುದೂ ಇದೇ ಲೆಕ್ಕದ ಭಾಗ. ಗಜೇಂದ್ರಗಡದಲ್ಲಿ ಲೇಸು ಮಾಡುವವರು ಬೇಸಿಗೆಯಲ್ಲಿ ಗ್ಲಿಸರಿನ್ ತುಸು ಹೆಚ್ಚಿಸಬೇಕು, ಕರಾವಳಿಯವರು ಮಳೆಗಾಲದಲ್ಲಿ ಕಡಿಮೆ ಮಾಡಬೇಕು. ಪಾಕವಿಧಾನ ಒಂದೇ ಇದ್ದರೂ ಹವೆಯ ಪ್ರಕಾರ ಅಳತೆ ಬದಲಾಗಲೇಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸಿಲಿಕೋನ್ ಅಚ್ಚು ಅಗ್ಗ, ಹಗುರ, ತೊಳೆಯಲು ಸುಲಭ, ಕುಸುರಿಯಲ್ಲಿ ಮುಂದೆ. ಹಾಗಿದ್ದರೆ ಆರತಿಯನ್ನೂ ಅದರಲ್ಲೇ ಹೊಯ್ಯಬಾರದೇಕೆ? ಹೊಯ್ಯಬಹುದು. ಅದರಲ್ಲಿ ತಪ್ಪಿಲ್ಲ, ಆಹಾರಕ್ಕೆ ಯೋಗ್ಯವಾದ ದರ್ಜೆಯ ಸಿಲಿಕೋನ್ ಆಗಿರಬೇಕು ಅಷ್ಟೆ. ಆದರೆ ನೆನೆದ ಕಟ್ಟಿಗೆ ತನ್ನ ನೀರಿನಿಂದ ಮಾಡುತ್ತಿದ್ದ ಕೆಲಸವನ್ನು ಸಿಲಿಕೋನ್ ಮಾಡುವುದಿಲ್ಲ. ಅಂಗೈ ಎತ್ತರದ ತೇರಿನ ಭಾರಕ್ಕೆ ಮೆತ್ತನೆಯ ಅಚ್ಚಿನ ಗೋಡೆ ಉಬ್ಬದಂತೆ ಹೊರಗಿನಿಂದ ಆಸರೆಯೂ ಬೇಕಾಗುತ್ತದೆ. ತೆಳು ಕುಸುರಿಗೆ ಸಿಲಿಕೋನ್ ಮೇಲು, ಎತ್ತರದ ಘನ ಬೊಂಬೆಗೆ ಸಾಗವಾನಿ ಕಟ್ಟಿಗೆಯ ಅಚ್ಚು ಮೇಲು ಎಂಬ ತೀರ್ಮಾನ ಹೆಚ್ಚು ನ್ಯಾಯವಾದುದು. ಎರಡನೆಯ ಆಕ್ಷೇಪ ಶುಚಿತ್ವದ್ದು: ಕಟ್ಟಿಗೆಯ ರಂಧ್ರಗಳಲ್ಲಿ ರೋಗಾಣು ಮನೆಮಾಡುವುದಿಲ್ಲವೇ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ತರಕಾರಿ-ಮಾಂಸ ಹೆಚ್ಚುವ ಮಣೆಗಳ ಮೇಲೆ ಪರೀಕ್ಷೆ ನಡೆಸಿದಾಗ, ಕಟ್ಟಿಗೆ ಹೀರಿಕೊಂಡ ಬ್ಯಾಕ್ಟೀರಿಯಾಗಳನ್ನು ಮತ್ತೆ ಮೇಲ್ಮೈಯಿಂದ ಪಡೆಯುವುದು ಕಷ್ಟವಾಗಿತ್ತು. ಅವು ಒಳಗೇ ಕ್ರಮೇಣ ಸಾಯುತ್ತಿದ್ದವು. ಇದರ ಜೊತೆಗೆ ಅಚ್ಚಿಗೆ ಬೀಳುವ ಪಾಕ ಸುಡುಬಿಸಿಯದು, ಆರಿದ ಆರತಿಯಲ್ಲಿ ಜೀವಾಣುಗಳಿಗೆ ಸಿಗುವ ನೀರು ಅತ್ಯಲ್ಪ. ಆದರೂ ಬಳಸಿದ ಅಚ್ಚನ್ನು ಬಿಸಿನೀರಿನಲ್ಲಿ ತಿಕ್ಕಿ, ಪೂರ್ತಿ ಒಣಗಿಸಿಯೇ ಎತ್ತಿಡಬೇಕು. ಒದ್ದೆ ಕಟ್ಟಿಗೆಗೆ ಬೂಷ್ಟು ಹಿಡಿಯುವುದನ್ನು ಯಾವ ಅಧ್ಯಯನವೂ ತಪ್ಪಿಸಲಾರದು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಆರತಿ ಮಾಡುವವರಿಗೆ ಅಣು, ಸ್ನಿಗ್ಧತೆ, ಅತಿಪರ್ಯಾಪ್ತತೆ ಇವೆಲ್ಲ ಗೊತ್ತಿಲ್ಲ. ಅವರ ರೂಢಿಯ ಮೇಲೆ ನಾವು ಆಮೇಲೆ ವಿಜ್ಞಾನದ ಹೊದಿಕೆ ಹೊದಿಸುತ್ತಿದ್ದೇವೆ ಎಂದು ಹೇಳಬಹುದು. ವಿವರಣೆ ಆಮೇಲೆ ಬಂದದ್ದು ನಿಜ. ಆದರೆ ಆ ರೂಢಿಯೊಳಗೆ ಪ್ರಯೋಗದ ಗುಣವಿದೆ. ಹುಳಿ ಹೆಚ್ಚಾದರೆ ಗಟ್ಟಿಯಾಗದು, ಅಚ್ಚು ಒಣಗಿದ್ದರೆ ಬಿಡದು, ಹೊಯ್ಯುವುದು ತಡವಾದರೆ ಪಾತ್ರೆಯಲ್ಲೇ ಕಟ್ಟುತ್ತದೆ ಎಂಬವು ಕಾರಣ-ಪರಿಣಾಮದ ಸ್ಪಷ್ಟ ಹೇಳಿಕೆಗಳು. ತಪ್ಪಿದ್ದರೆ ಮುಂದಿನ ಹೊಯ್ತದಲ್ಲೇ ಬಯಲಾಗುತ್ತವೆ. ಸುಕ್ರೋಸಿನ ರಚನೆ ತಿಳಿಯುವ ಬಹಳ ಮೊದಲೇ ಅದರ ವರ್ತನೆಯನ್ನು ಇಷ್ಟು ಖಚಿತವಾಗಿ ಹಿಡಿದ ಜ್ಞಾನವನ್ನು ಬರೀ ಕೈಚಳಕ ಎನ್ನುವುದು ಅನ್ಯಾಯ. ಜಗತ್ತಿನ ಬೇರೆ ಕಡೆಯೂ ಇಂಥ ಜ್ಞಾನ ಬೆಳೆದಿದೆ. ಮಹಾರಾಷ್ಟ್ರದಲ್ಲಿ ಯುಗಾದಿಯಂದು ಏರಿಸುವ ‘ಗುಡಿ’ ಎಂಬ ಅಲಂಕೃತ ಕೋಲಿಗೆ ತೂಗುಹಾಕುವ ಸಕ್ಕರೆ ಸರವನ್ನು ದಾರವಿಟ್ಟ ಅಚ್ಚಿನಲ್ಲಿ ಹೊಯ್ಯುತ್ತಾರೆ. ಮೆಕ್ಸಿಕೋದಲ್ಲಿ ನವೆಂಬರ್ ಮೊದಲ ವಾರದ ಹಿರಿಯರ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆಗಳನ್ನು ಅಚ್ಚಿನಲ್ಲಿ ತೆಗೆಯುತ್ತಾರೆ. ಹಳೆ ಮೈಸೂರಿನ ಸಂಕ್ರಾಂತಿ ಎಳ್ಳಿನ ತಟ್ಟೆಯಲ್ಲಿ ಸಕ್ಕರೆ ಅಚ್ಚು ಇರಲೇಬೇಕು. ಹಬ್ಬ ಬೇರೆ, ದೇಶ ಬೇರೆಯಾದರೂ ಎಲ್ಲೆಡೆ ಹರಳನ್ನು ಹದಗೊಳಿಸುವ ಕೆಲಸವೇ ನಡೆದಿದೆ.

ಕೊನೆಯ ಆಕ್ಷೇಪ ಆರೋಗ್ಯದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ 10 ಪ್ರತಿಶತಕ್ಕಿಂತ ಕಡಿಮೆ ಇರಬೇಕೆಂದು, 5 ಪ್ರತಿಶತಕ್ಕಿಳಿದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿದೆ. ಆರತಿಯಾಗಲಿ ಲೇಸಾಗಲಿ ಮೊದಲು ಅಲಂಕಾರ, ಆಮೇಲೆ ತಿನಿಸು. ಒಂದು ಚೂರು ಪ್ರಸಾದಕ್ಕೆ ಸಾಕು. ಬಣ್ಣದ ವಿಷಯದಲ್ಲಂತೂ ರಾಜಿ ಬೇಡ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ ಬಣ್ಣ ಬಳಸುವುದನ್ನು ನಿಷೇಧಿಸಿತು. ಬಟ್ಟೆ, ಕಾಗದಕ್ಕೆ ಹಾಕುವ ಆ ಗುಲಾಬಿ ಬಣ್ಣಕ್ಕೆ ಆಹಾರದಲ್ಲಿ ಜಾಗವಿಲ್ಲ. ಗುಲಾಬಿ ಆರತಿಗೂ, ಗುಲಾಬಿ ಲೇಸಿಗೂ ಅದೇ ನಿಯಮ ಅನ್ವಯಿಸಬೇಕು. ಫಾಂಡಂಟ್ ಕೊಳ್ಳುವ ಸಸ್ಯಾಹಾರಿ ಮನೆಗಳು ಪೊಟ್ಟಣದ ಮೇಲಿನ ಹಸಿರು ಗುರುತನ್ನೂ ನೋಡಬೇಕು, ಏಕೆಂದರೆ ಜಿಲಾಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಜಿಲಾಟಿನ್ ಬದಲು ಸಸ್ಯಮೂಲದ ಗೋಂದುಗಳಿಂದಲೂ ಒಳ್ಳೆಯ ಫಾಂಡಂಟ್ ಆಗುತ್ತದೆ.

ಇಷ್ಟೆಲ್ಲದರಿಂದ ಹೊರಡುವ ತೀರ್ಮಾನ ಸರಳ. ಸಿಲಿಕೋನ್ ಲೇಸು ಬಂದದ್ದರಿಂದ ಸಕ್ಕರೆ ಆರತಿ ಹಳತಾಗಿಲ್ಲ. ಎರಡೂ ಸಕ್ಕರೆಯ ಎರಡು ಬೇರೆ ಸ್ಥಿತಿಗಳ ಕಲೆ. ಬೇಕಾದರೆ ಒಂದು ಇನ್ನೊಂದಕ್ಕೆ ನೆರವಾಗಬಲ್ಲದು: ಸಾಗವಾನಿ ಅಚ್ಚುಗಳ ತೇರು-ನವಿಲುಗಳನ್ನೂ, ಕಸೂತಿಯ ಗೋಪುರ-ಕಮಲಗಳನ್ನೂ, ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯ ಗೆರೆಗಳನ್ನೂ ಸಿಲಿಕೋನಿಗೆ ಇಳಿಸಿದರೆ, ಪರದೇಶದ ಗುಲಾಬಿ ಬಳ್ಳಿಯ ಬದಲು ನಮ್ಮ ಕುಸುರಿಯೇ ಕೇಕಿನ ಅಂಚಿಗೆ ಬರಬಹುದು. ಬೇಕರಿಯವರು ಇದನ್ನು ಯೋಚಿಸಲಿ. ಗದಗ ಜಿಲ್ಲೆಯ ಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ಇನ್ನೊಂದು ವಿನಂತಿ: ದ್ರಾವಣ, ಪರ್ಯಾಪ್ತತೆ, ಹರಳುಗಟ್ಟುವಿಕೆಯ ಪಾಠವನ್ನು ಗೌರಿ ಹುಣ್ಣಿಮೆಯ ವಾರದಲ್ಲಿ ಇಟ್ಟುಕೊಳ್ಳಿ, ಊರಿನಲ್ಲಿ ಸಕ್ಕರೆ ಆರತಿ ಹೊಯ್ಯುವವರನ್ನು ಆ ದಿನ ತರಗತಿಗೆ ಕರೆಯಿರಿ, ಪಾಠದ ಅರ್ಧವನ್ನು ಅವರೇ ಮಾಡಲಿ.